ಒಂದೇ ಎದೆ, ಮೂವರು ಡಾಕ್ಟರು, ಮೂರು ಅಳತೆ: ಯಾವುದನ್ನು ನಂಬುವುದು?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ಮುಜುಗರದ ವಿಷಯ, ಆದರೂ ಕೇಳಿಬಿಡುತ್ತೇನೆ. ನನಗೆ 31 ವರ್ಷ, ಎತ್ತರ 156 ಸೆಂ.ಮೀ., ತೂಕ 62 ಕೆಜಿ. ಎದೆ ಭಾರದಿಂದ ಕುತ್ತಿಗೆ, ಭುಜ ಎರಡೂ ನೋವು. ಬ್ರಾ ಪಟ್ಟಿ ಕೂರುವ ಜಾಗದಲ್ಲಿ ಗುಳಿ ಬಿದ್ದಿದೆ. ಬೇಸಿಗೆ ಬಂತೆಂದರೆ ಕೆಳಗಿನ ಮಡಿಕೆಯಲ್ಲಿ ಕೆಂಪಗಾಗಿ ತುರಿಕೆ. ಸಾಲದ್ದಕ್ಕೆ ಎಡಗಡೆ ಬಲಗಡೆಗಿಂತ ದೊಡ್ಡದು. ಬ್ಲೌಸ್ ಹೊಲಿಸುವಾಗ ಟೈಲರ್ ಅಕ್ಕ ಪ್ರತಿ ಸಲ ಎಡಗಡೆಗೆ ಹೊಲಿಗೆ ಬಿಚ್ಚಿ ಬಿಡುತ್ತಾಳೆ.

ರಿಡಕ್ಷನ್ (ಸ್ತನ ಚಿಕ್ಕದು ಮಾಡುವ ಆಪರೇಷನ್) ಮಾಡಿಸಿಕೊಳ್ಳೋಣ ಎಂದು ಮೂವರು ಪ್ಲಾಸ್ಟಿಕ್ ಸರ್ಜನ್‌ಗಳ ಹತ್ತಿರ ಹೋದೆ. ಮೊದಲನೆಯವರು ಟೇಪಿನಲ್ಲಿ ಅಳೆದು, ಲೆಕ್ಕ ಹಾಕಿ, ಎಡ 850 ಸಿಸಿ (ಅಂದರೆ ಮಿ.ಲೀ.), ಬಲ 700 ಎಂದರು. ಎರಡನೆಯ ಕಡೆ 3ಡಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಅಲ್ಲಿ ಎಡ 980, ಬಲ 800. ಮೂರನೆಯವರು ಗಾತ್ರದ ಮಾತೇ ಎತ್ತಲಿಲ್ಲ. ಕೈಯಲ್ಲಿ ಎತ್ತಿ ನೋಡಿ, ಟೇಪ್ ಹಿಡಿದು ನಾಲ್ಕೈದು ಕಡೆ ಅಳೆದು, "ಎಡಗಡೆ ಸುಮಾರು 450 ಗ್ರಾಂ, ಬಲಗಡೆ 300 ಗ್ರಾಂ ತೆಗೆಯಬೇಕಾಗಬಹುದು" ಎಂದರು.

ಒಂದೇ ಮೈ, ಒಂದೇ ತಿಂಗಳು. ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ? ಯಾರಿಗೋ ಅಳೆಯಲು ಬರುವುದಿಲ್ಲ ಎಂದೇ ಅರ್ಥ ಅಲ್ವಾ?

ನಿರ್ವಾಹಕಿ

ಈ ವಿಷಯ ಮಹಿಳೆಯರ ಆರೋಗ್ಯ ವಿಭಾಗದಲ್ಲೇ ಇರಲಿ. ಆಸ್ಪತ್ರೆ, ಡಾಕ್ಟರ ಹೆಸರು ಬೇಡ. ಫೋಟೋ ಅಂತೂ ಬೇಡವೇ ಬೇಡ.

ಓಟಿ ಸಿಸ್ಟರ್

ತಂಗಿ, ಮೂವರಿಗೂ ಅಳೆಯಲು ಬರುತ್ತದೆ. ಮೊದಲಿನ ಇಬ್ಬರು "ಒಟ್ಟು ಎಷ್ಟಿದೆ" ಎಂದು ಹೇಳಿದ್ದಾರೆ. ಮೂರನೆಯವರು "ಎಷ್ಟು ತೆಗೆಯಬೇಕು" ಎಂದು ಹೇಳಿದ್ದಾರೆ. ಅವು ಎರಡು ಬೇರೆ ಪ್ರಶ್ನೆ.

ನಾನು ಪ್ಲಾಸ್ಟಿಕ್ ಸರ್ಜರಿ ಥಿಯೇಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ರಿಡಕ್ಷನ್ ಇದ್ದ ದಿನ ಮಾರ್ಕಿಂಗ್ ಆಗುವುದು ಥಿಯೇಟರಿಗೆ ಹೋಗುವ ಮುಂಚೆಯೇ, ಪೇಷೆಂಟನ್ನು ನೆಟ್ಟಗೆ ನಿಲ್ಲಿಸಿಕೊಂಡು. ಮಲಗಿಸಿದರೆ ಎದೆ ಪಕ್ಕಕ್ಕೆ ಜಾರುತ್ತದೆ, ಗೆರೆ ಎಲ್ಲ ತಪ್ಪಾಗುತ್ತದೆ. ಕತ್ತಿನ ಕೆಳಗಿನ ಗುಳಿಯಿಂದ ನಿಪ್ಪಲ್‌ವರೆಗೆ ಎಷ್ಟು, ನಿಪ್ಪಲ್‌ನಿಂದ ಕೆಳಗಿನ ಮಡಿಕೆಗೆ ಎಷ್ಟು, ನಡುಗೆರೆಯಿಂದ ಎಷ್ಟು ದೂರ, ಬುಡದ ಅಗಲ ಎಷ್ಟು. ಎಲ್ಲವನ್ನೂ ಚರ್ಮದ ಮೇಲೆ ಬರೆಯುವ ನೇರಳೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ನಿಮ್ಮ ಮೂರನೆಯ ಡಾಕ್ಟರು ಟೇಪ್ ಹಿಡಿದು ನೋಡಿದ್ದು ಇವನ್ನೇ ಇರಬೇಕು.

ತೆಗೆದ ಭಾಗ ಸ್ಟೀಲ್ ಬಟ್ಟಲಿಗೆ ಬರುತ್ತದೆ. ಖಾಲಿ ಬಟ್ಟಲನ್ನು ಮೊದಲೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಂಡಿರುತ್ತೇವೆ. ಎಡದ್ದು ಬೇರೆ, ಬಲದ್ದು ಬೇರೆ. ಗೋಡೆಯ ಬೋರ್ಡಿನಲ್ಲಿ ಗ್ರಾಂ ಬರೆದ ಮೇಲೆ ಸರ್ಜನ್ ಒಮ್ಮೆ ಅದನ್ನು ನೋಡುತ್ತಾರೆ, ಒಮ್ಮೆ ಪೇಷೆಂಟನ್ನು ನೋಡುತ್ತಾರೆ. ಟೇಬಲಿನ ತಲೆ ಭಾಗ ಎತ್ತಿಸಿ, ಅರೆ ಕೂತ ಹಾಗೆ ಮಾಡಿ, ಕಾಲ ಬುಡದಲ್ಲಿ ನಿಂತು ಎರಡೂ ಕಡೆ ಹೋಲಿಸುತ್ತಾರೆ. "ಎಡಗಡೆ ಇನ್ನೊಂದು ಇಪ್ಪತ್ತು ಗ್ರಾಂ" ಎಂದು ಮತ್ತೆ ಶುರು. ಕೊನೆಯ ತೀರ್ಮಾನ ಆಗುವುದು ಅಲ್ಲಿ.

ಸ್ತನದ ಅಂಗಾಂಶದ ಒಂದು ಸಿಸಿ ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಕೊಬ್ಬು ಜಾಸ್ತಿ ಇದ್ದರೆ ಸ್ವಲ್ಪ ಹಗುರ. ಹಾಗಾಗಿ ಸಿಸಿಗೂ ಗ್ರಾಮಿಗೂ ತಾಳೆ ಹಾಕಿ ನೋಡಬಹುದು, ಭಯ ಬೇಡ.

ಫಿಸಿಕ್ಸ್ ಟೀಚರ್

ಟೇಪಿನ ಲೆಕ್ಕ ಯಾಕೆ ಏರುಪೇರಾಗುತ್ತದೆ ಎಂಬುದನ್ನು ಹೇಳುತ್ತೇನೆ, ಇದು ನನ್ನ ಏರಿಯಾ.

ಹಳೆಯ ದಾರಿ ಆರ್ಕಿಮಿಡೀಸನದು. 1970ರಲ್ಲಿ ಬೌಮನ್ ಎಂಬುವರು ನೀರು ಹೊರಚೆಲ್ಲುವ ವಿಧಾನದಿಂದ ಸ್ತನದ ಗಾತ್ರ ಅಳೆದು ಬ್ರಿಟನ್ನಿನ ಪ್ಲಾಸ್ಟಿಕ್ ಸರ್ಜರಿ ಪತ್ರಿಕೆಯಲ್ಲಿ ಬರೆದರು. ಅಂಚಿನವರೆಗೆ ನೀರು ತುಂಬಿದ ಪಾತ್ರೆ, ಕೆಳಗೆ ತಟ್ಟೆ. ಬಗ್ಗಿ ಎದೆ ಗೂಡು ಪಾತ್ರೆಯ ಅಂಚಿಗೆ ತಾಗುವವರೆಗೆ ಇಳಿಸಬೇಕು. ಚೆಲ್ಲಿದ ನೀರೇ ಗಾತ್ರ. ಕೇಳಲು ಸುಲಭ. ಆದರೆ ಪಕ್ಕೆಲುಬು ಬಾಗಿದೆ, ಪಾತ್ರೆಯ ಬಾಯಿ ಸಪಾಟು. ಸುತ್ತ ಸಂದಿ ಉಳಿಯುತ್ತದೆ. ಕಂಕುಳ ಕಡೆಗೆ ಚಾಚಿದ ಭಾಗ ಪಾತ್ರೆಯ ಒಳಗೆ ಬರುವುದೇ ಇಲ್ಲ. ಜೊತೆಗೆ ಬಗ್ಗಿ ನಿಂತ ಹೆಂಗಸಿಗೆ ಉಸಿರು ಬಿಗಿ ಹಿಡಿದು ಅಲ್ಲಾಡದೆ ಇರು ಎನ್ನಬೇಕು. ಅದಕ್ಕೇ ಇದು ದಿನನಿತ್ಯದ ಬಳಕೆಗೆ ಬರಲಿಲ್ಲ.

1980ರಲ್ಲಿ ಗ್ರಾಸ್‌ಮನ್ ಮತ್ತು ರೌಡ್ನರ್ ಎಂಬಿಬ್ಬರು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತಂದರು. ದುಂಡು ಬಿಲ್ಲೆ, ಅಂಚಿನಿಂದ ನಡುವಿನವರೆಗೆ ಒಂದು ಸೀಳು. ಸುತ್ತಿದರೆ ಶಂಕು ಆಗುತ್ತದೆ. ಸ್ತನಕ್ಕೆ ಸರಿಯಾಗಿ ಕೂರುವವರೆಗೆ ಬಿಗಿ ಮಾಡಿ, ಅಂಚಿನಲ್ಲಿ ಬರೆದ ಸಿಸಿ ಓದಿಕೊಳ್ಳುವುದು. ಚೆನ್ನಾಗಿದೆ, ಅಗ್ಗ ಕೂಡ. ಆದರೆ ಸಣ್ಣ, ಮಧ್ಯಮ ಗಾತ್ರಕ್ಕೆ ಮಾತ್ರ. ನಿಮಗೆ ಅದು ಕೂರುವುದಿಲ್ಲ.

ಇನ್ನು ಸೂತ್ರಗಳು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ನೋಡಿ ಸ್ತನವನ್ನು ಶಂಕು ಎಂದು ಭಾವಿಸಿ ಲೆಕ್ಕ ಹಾಕುವುದುಂಟು: ಪೈ ಗುಣಿಸು ತ್ರಿಜ್ಯದ ವರ್ಗ ಗುಣಿಸು ಎತ್ತರ, ಭಾಗಿಸು 3. ಹತ್ತನೇ ಕ್ಲಾಸಿನ ಲೆಕ್ಕ. ತ್ರಿಜ್ಯ 7.5 ಸೆಂ.ಮೀ., ಎತ್ತರ 9 ಇಟ್ಟುಕೊಳ್ಳಿ. 530 ಸಿಸಿ ಬರುತ್ತದೆ. ಎತ್ತರ ಓದುವಾಗ ಒಂದು ಸೆಂ.ಮೀ. ಜಾಸ್ತಿ ಓದಿದರೆ 589. ಅದೇ ತ್ರಿಜ್ಯವನ್ನು ಒಂದು ಸೆಂ.ಮೀ. ಜಾಸ್ತಿ ಓದಿದರೆ? 681! ಯಾಕೆಂದರೆ ತ್ರಿಜ್ಯಕ್ಕೆ ವರ್ಗ ಇದೆ. ಸ್ತನದ ಅಂಚು ಎಲ್ಲಿ ಮುಗಿಯಿತು, ಕಂಕುಳ ಕೊಬ್ಬು ಎಲ್ಲಿ ಶುರುವಾಯಿತು ಎಂದು ಯಾರೂ ಗೆರೆ ಎಳೆದು ಇಟ್ಟಿಲ್ಲ. ಡಾಕ್ಟರ ಬೆರಳು ಒಂದು ಸೆಂ.ಮೀ. ಆಚೆ ಈಚೆ ಆದರೆ ನೂರೈವತ್ತು ಸಿಸಿ ಹೋಯಿತು.

ಚೀನಾದ ಸರ್ಜನ್‌ಗಳು 1997ರಲ್ಲಿ ಕೊಟ್ಟ ಇನ್ನೊಂದು ಸೂತ್ರವೂ ಇದೆ. ಸ್ತನ ಎಷ್ಟು ಮುಂದಕ್ಕೆ ಚಾಚಿದೆ, ನಿಪ್ಪಲ್‌ನಿಂದ ಒಳ ಅಂಚು, ಹೊರ ಅಂಚು, ಕೆಳ ಅಂಚು ಎಷ್ಟು ದೂರ ಎಂದು ನೋಡಿ ಲೆಕ್ಕ. ಅದನ್ನು ಕಟ್ಟಿದ್ದು ಅಲ್ಲಿನ ಎಳೆ ವಯಸ್ಸಿನ ಹುಡುಗಿಯರನ್ನು ಅಳೆದು. ಜೋತುಬಿದ್ದ ದೊಡ್ಡ ಸ್ತನಕ್ಕೆ ಅದನ್ನು ಹಾಕಿದರೆ ಉತ್ತರ ಬರುತ್ತದೆ, ಆದರೆ ಆ ಉತ್ತರದ ಮೇಲೆ ನನಗೆ ನಂಬಿಕೆ ಇಲ್ಲ.

ನೇರ ಮಾತು

ಇಷ್ಟೆಲ್ಲ ಯಾಕೆ? ತೂಕ ಇಳಿಸಿದರೆ ತಾನಾಗಿ ಕಮ್ಮಿಯಾಗುತ್ತದೆ. ಸೂರ್ಯ ನಮಸ್ಕಾರ ಮಾಡಿ.

ಓಟಿ ಸಿಸ್ಟರ್

@ನೇರ ಮಾತು, ಸ್ತನದಲ್ಲಿ ಕೊಬ್ಬು ಎಷ್ಟು, ಗ್ರಂಥಿ ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಗ್ರಂಥಿ ಜಾಸ್ತಿ ಇರುವವರು ಹತ್ತು ಕೆಜಿ ಇಳಿದರೂ ಎದೆ ಇಳಿಯುವುದಿಲ್ಲ. ಅವಳ ತೂಕ ಅವಳ ಎತ್ತರಕ್ಕೆ ಅಂಥ ಜಾಸ್ತಿಯೂ ಅಲ್ಲ. ಸುಮ್ನೆ ಉಪದೇಶ ಬೇಡ.

ಸ್ಕ್ಯಾನ್ ಸುಬ್ಬಿ

3ಡಿ ಕ್ಯಾಮೆರಾ ಬಗ್ಗೆ ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ 3ಡಿ ಇಮೇಜಿಂಗ್ ಸಾಫ್ಟ್‌ವೇರ್ ಕೆಲಸ ನನ್ನದು (ವೈದ್ಯಕೀಯದ್ದಲ್ಲ, ಆದರೆ ತತ್ವ ಒಂದೇ).

ಅಮೆರಿಕದ ಕ್ಯಾನ್‌ಫೀಲ್ಡ್ ಕಂಪನಿಯ ವೆಕ್ಟ್ರಾ, ಸ್ವಿಟ್ಜರ್ಲೆಂಡಿನ ಕ್ರಿಸಾಲಿಕ್ಸ್, ಇಂಥವು ಹೆಸರಾದವು. ಬೇರೆ ಬೇರೆ ಕೋನದ ಫೋಟೋ ಜೋಡಿಸಿ ಚರ್ಮದ ಮೇಲ್ಮೈಯನ್ನು ಬಹಳ ನಿಖರವಾಗಿ ಕಟ್ಟುತ್ತವೆ. ತೊಂದರೆ ಇರುವುದು ಹಿಂಬದಿಯಲ್ಲಿ. ಕ್ಯಾಮೆರಾಗೆ ಕಾಣುವುದು ಚರ್ಮ ಮಾತ್ರ. ಸ್ತನದ ಹಿಂದೆ ಇರುವ ಎದೆ ಗೂಡು ಕಾಣುವುದಿಲ್ಲ. ಗೋಡೆಗೆ ಒರಗಿಸಿದ ದಿಂಬಿನ ಫೋಟೋ ತೋರಿಸಿ, ದಿಂಬಿನ ಹಿಂದೆ ಗೋಡೆ ಎಷ್ಟು ಉಬ್ಬಿದೆ ಹೇಳು ಎಂದ ಹಾಗೆ. ಸಾಫ್ಟ್‌ವೇರ್ ಸುತ್ತಲಿನ ಚರ್ಮದ ಬಾಗು ನೋಡಿ ಒಂದು ಹಿಂಗೋಡೆಯನ್ನು ಊಹಿಸಿಕೊಳ್ಳುತ್ತದೆ. ಆ ಊಹೆ ಸ್ವಲ್ಪ ಒಳಗೆ ಹೋದರೆ ಗಾತ್ರ ಜಾಸ್ತಿ, ಹೊರಗೆ ಬಂದರೆ ಕಡಿಮೆ.

ಇನ್ನೊಂದು. ಜೋತುಬಿದ್ದ ಸ್ತನ ಹೊಟ್ಟೆಯ ಮೇಲ್ಭಾಗಕ್ಕೆ ತಾಗಿಕೊಂಡಿದ್ದರೆ ಕೆಳಗಿನ ಮಡಿಕೆ ಕ್ಯಾಮೆರಾಗೆ ಸಿಗುವುದೇ ಇಲ್ಲ. ಅಲ್ಲೂ ಊಹೆ. ಕೈ ಸೊಂಟದ ಮೇಲಿತ್ತೋ ಕೆಳಗಿತ್ತೋ, ಉಸಿರು ಎಳೆದಿದ್ದರೋ ಬಿಟ್ಟಿದ್ದರೋ, ಇವೂ ಲೆಕ್ಕಕ್ಕೆ ಬರುತ್ತವೆ. ಎಂಆರ್‌ಐನಲ್ಲಿ ಹಿಂದಿನ ಸ್ನಾಯು ಸಮೇತ ಕಾಣುವುದರಿಂದ ಅದು ಹೆಚ್ಚು ನಂಬಿಕೆಗೆ ಅರ್ಹ. ಆದರೆ ಸ್ತನದ ಎಂಆರ್‌ಐ ತೆಗೆಯುವುದು ಬೋರಲು ಮಲಗಿಸಿ, ಆಕಾರವೇ ಬೇರೆ ಆಗಿರುತ್ತದೆ. ಬರೀ ಗಾತ್ರ ತಿಳಿಯಲು ಅಷ್ಟು ದುಡ್ಡು ಸುರಿಯುವುದು ದಂಡ.

ಈಗ ನಿಮ್ಮ ಅಂಕಿಗಳನ್ನೇ ಮತ್ತೆ ನೋಡಿ. 850 ಮತ್ತು 700: ವ್ಯತ್ಯಾಸ 150. 980 ಮತ್ತು 800: ವ್ಯತ್ಯಾಸ 180. 450 ಮತ್ತು 300: ಮತ್ತೆ 150. ಒಟ್ಟು ಗಾತ್ರದಲ್ಲಿ ಮೊದಲಿನ ಇಬ್ಬರ ನಡುವೆ ಎಡಗಡೆಗೇ 130 ಸಿಸಿ ಜಗಳ. ಎಡಬಲದ ವ್ಯತ್ಯಾಸದಲ್ಲಿ ಮೂವರದೂ ಹತ್ತಿರ ಹತ್ತಿರ ಒಂದೇ ಮಾತು! ಒಂದೇ ವಿಧಾನದಲ್ಲಿ ಎರಡೂ ಕಡೆ ಅಳೆದಾಗ ಎರಡರಲ್ಲೂ ಒಂದೇ ಬಗೆಯ ತಪ್ಪು ಆಗುತ್ತದೆ, ಕಳೆದಾಗ ಬಹುಪಾಲು ಹೋಗಿಬಿಡುತ್ತದೆ. ನಿಮ್ಮ ಕೇಸಿನಲ್ಲಿ ಗಟ್ಟಿ ಅಂಕಿ ಅಂತ ಇದ್ದರೆ ಅದೊಂದೇ.

ಪಿಜಿ ಡಾಕ್ಟರ್

ಸುಬ್ಬಿ ಹೇಳಿದ್ದು ಸರಿ, ಒಂದು ಷರತ್ತು ಸೇರಿಸುತ್ತೇನೆ. ಬೆನ್ನುಮೂಳೆ ಸ್ವಲ್ಪ ಸೊಟ್ಟ ಇದ್ದು ಒಂದು ಕಡೆಯ ಪಕ್ಕೆಲುಬು ಮುಂದೆ ಬಂದಿದ್ದರೆ, ಚರ್ಮದ ಮೇಲಿನಿಂದ ಅಳೆಯುವಾಗ ಆ ಉಬ್ಬೂ ಸ್ತನದ ಲೆಕ್ಕಕ್ಕೆ ಸೇರಿಹೋಗಬಹುದು. ಹಾಗಾಗಿ ಹಿಂದಿನಿಂದ ಬೆನ್ನು ನೋಡದೆ ವ್ಯತ್ಯಾಸ ಹೇಳಬಾರದು. ಅಂದ ಹಾಗೆ ಎರಡೂ ಕಡೆ ಪೂರ್ತಿ ಸಮ ಇರುವವರು ಅಪರೂಪ. ಸ್ವಲ್ಪ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ.

ಅಳೆಯುವ ದಿನವೂ ಮುಖ್ಯ. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದು ದಪ್ಪಗಾಗುತ್ತದಲ್ವಾ, ಅದು ಬರೀ ಅನಿಸಿಕೆ ಅಲ್ಲ, ನಿಜವಾಗಿ ಗಾತ್ರ ಏರುತ್ತದೆ. ಆ ತಿಂಗಳ ಮುಟ್ಟು ಮುಗಿದ ಮೇಲಿನ ವಾರದಲ್ಲಿ ಅಳೆಸಿಕೊಳ್ಳಿ. ಎರಡನೆಯ ಸಲವೂ ಅದೇ ವಾರ. ಮಗುವಿಗೆ ಹಾಲು ಬಿಡಿಸಿ ಆರು ತಿಂಗಳಾದರೂ ಆಗಿರಲಿ, ತೂಕವೂ ಒಂದು ಮಟ್ಟಕ್ಕೆ ನಿಂತಿರಲಿ.

ಹೊಸಬಳು 27

ನನ್ನದು ಉಲ್ಟಾ ಕೇಸು. ದೊಡ್ಡದು ಮಾಡಿಸಿಕೊಳ್ಳಬೇಕು. ಈಗ ಬ್ರಾ ಸೈಜ್ 34ಎ, ನನಗೆ 34ಸಿ ಬೇಕು. ಡಾಕ್ಟರ್ 275 ಸಿಸಿ ಇಂಪ್ಲಾಂಟ್ (ಒಳಗೆ ಇಡುವ ಸಿಲಿಕೋನ್ ಚೀಲ) ಎಂದಿದ್ದಾರೆ. ಗೆಳತಿ ಹೇಳಿದಳು, ಸ್ಟಾಕಿಂಗ್ಸ್‌ನಲ್ಲಿ 275 ಗ್ರಾಂ ಅಕ್ಕಿ ತುಂಬಿ ಬ್ರಾ ಒಳಗೆ ಇಟ್ಟುಕೊಂಡು ಕನ್ನಡಿ ನೋಡು ಅಂತ. ಇದು ಸರಿನಾ?

ಫಿಸಿಕ್ಸ್ ಟೀಚರ್

ಗ್ರಾಂ ಅಲ್ಲ, ಮಿಲಿಲೀಟರ್! ಅಕ್ಕಿ ಕಾಳಿನ ನಡುವೆ ಗಾಳಿ ಇದೆ. 275 ಮಿ.ಲೀ. ಅಕ್ಕಿ ತೂಗಿದರೆ 275 ಗ್ರಾಂ ಬರುವುದಿಲ್ಲ, ಕಮ್ಮಿ ಬರುತ್ತದೆ. ತೂಗಿ ತುಂಬಿದರೆ ಅಳತೆಗಿಂತ ದೊಡ್ಡ ಚೀಲ ಆಗುತ್ತದೆ. ಗೆರೆ ಇರುವ ಅಳತೆ ಲೋಟದಲ್ಲಿ ಅಳೆದು ತುಂಬಿ. ಸಿಲಿಕೋನ್ ಜೆಲ್ ಮಾತ್ರ ಸಿಸಿಗೆ ಹತ್ತಿರ ಹತ್ತಿರ ಒಂದು ಗ್ರಾಂ ಇರುತ್ತದೆ, ಆದ್ದರಿಂದ ಅಕ್ಕಿ ಚೀಲ ಇಟ್ಟುಕೊಂಡಾಗ ಅನಿಸುವ ಭಾರಕ್ಕಿಂತ ನಿಜವಾದ ಭಾರ ಜಾಸ್ತಿ.

ಪಿಜಿ ಡಾಕ್ಟರ್

@ಹೊಸಬಳು 27, ಅಕ್ಕಿ ಚೀಲ ಅಂದಾಜಿಗೆ ಪರವಾಗಿಲ್ಲ. ಆದರೆ ಬ್ರಾ ಒಳಗೆ ಮೇಲೆ ಕೂತ ಚೀಲ, ಚರ್ಮದ ಕೆಳಗೆ ಕೂತ ಇಂಪ್ಲಾಂಟ್ ಒಂದೇ ಥರ ಕಾಣುವುದಿಲ್ಲ. ಸ್ನಾಯುವಿನ ಕೆಳಗೆ ಇಟ್ಟರೆ ಇನ್ನೂ ಸ್ವಲ್ಪ ಚಪ್ಪಟೆ ಕಾಣುತ್ತದೆ.

"ನನಗೆ ಸಿ ಬೇಕು" ಎನ್ನುವುದರಲ್ಲೇ ತೊಡಕು ಇದೆ. ಕಪ್ ಅಕ್ಷರ ಗಾತ್ರ ಅಲ್ಲ. 32ಡಿ, 34ಸಿ, 36ಬಿ ಈ ಮೂರರ ಕಪ್ಪಿನಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಒಂದೇ. ಒಂದು ಬ್ರ್ಯಾಂಡಿನ ಸಿ ಇನ್ನೊಂದರ ಬಿ. ಅದಕ್ಕೇ ಯಾವ ಸರ್ಜನ್ನೂ ಕಪ್ ಗ್ಯಾರಂಟಿ ಕೊಡಬಾರದು. ಕೊಟ್ಟರೆ ಹುಷಾರು.

ಇಂಪ್ಲಾಂಟ್‌ನಲ್ಲಿ ಮೊದಲು ನೋಡುವುದು ಅಗಲ, ಆಮೇಲೆ ಸಿಸಿ. ಡಲ್ಲಾಸಿನ ಜಾನ್ ಟೆಬೆಟ್ಸ್ ಎಂಬ ಸರ್ಜನ್ ಈ ವಿಚಾರವನ್ನು ಗಟ್ಟಿಯಾಗಿ ಹೇಳಿದವರು. ಬುಡದ ಅಗಲ ಎಷ್ಟು, ಮೇಲ್ಭಾಗದಲ್ಲಿ ಚಿವುಟಿ ಹಿಡಿದರೆ ಎಷ್ಟು ದಪ್ಪ ಸಿಗುತ್ತದೆ, ಚರ್ಮ ಮುಂದಕ್ಕೆ ಎಳೆದರೆ ಎಷ್ಟು ಬರುತ್ತದೆ, ಎಳೆದು ಹಿಡಿದಾಗ ನಿಪ್ಪಲ್‌ನಿಂದ ಮಡಿಕೆಗೆ ಎಷ್ಟು. ಚಿವುಟಿದ ದಪ್ಪ 2 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮುಚ್ಚಲು ಸ್ನಾಯು ಬೇಕು, ಇಲ್ಲವಾದರೆ ಇಂಪ್ಲಾಂಟಿನ ಅಂಚು ಹೊರಗೆ ಕಾಣುತ್ತದೆ. ನಿಮ್ಮ ಬುಡ 11.5 ಸೆಂ.ಮೀ. ಇದ್ದು, 13 ಸೆಂ.ಮೀ. ಅಗಲದ್ದು ತುರುಕಿದರೆ ಅದು ಕಂಕುಳ ಕಡೆಗೋ ನಡುವಿಗೋ ನುಗ್ಗುತ್ತದೆ. ಒಂದೇ ಅಗಲದಲ್ಲಿ ಚಪ್ಪಟೆ, ಮಧ್ಯಮ, ಎತ್ತರ ಎಂದು ಬೇರೆ ಬೇರೆ ಉಬ್ಬಿನವು ಸಿಗುತ್ತವೆ. ಸಿಸಿ ಬದಲಾಗುವುದು ಅಲ್ಲಿ. "275 ಯಾಕೆ" ಎಂದು ಕೇಳಬೇಡಿ. "ನನ್ನ ಅಗಲ ಎಷ್ಟು, ಈ ಇಂಪ್ಲಾಂಟಿನ ಅಗಲ ಎಷ್ಟು" ಎಂದು ಕೇಳಿ.

ಮರುಹುಟ್ಟು

ನನ್ನದು ಕ್ಯಾನ್ಸರ್ ಕಥೆ. ಬಲಗಡೆ ಪೂರ್ತಿ ತೆಗೆದರು, ಅದೇ ಆಪರೇಷನ್ನಿನಲ್ಲಿ ಚರ್ಮವನ್ನು ನಿಧಾನವಾಗಿ ಹಿಗ್ಗಿಸುವ ಚೀಲ, ಅಂದರೆ ಎಕ್ಸ್‌ಪಾಂಡರ್ ಇಟ್ಟರು. ತೆಗೆದ ಸ್ತನದ ತೂಕ ಪೆಥಾಲಜಿ (ಅಂಗಾಂಶ ಪರೀಕ್ಷೆ) ರಿಪೋರ್ಟಿನಲ್ಲೇ ಇತ್ತು. ಮುಂದೆ ಎಷ್ಟು ತುಂಬಬೇಕು ಎನ್ನುವುದಕ್ಕೆ ಡಾಕ್ಟರಿಗೆ ಅದೂ ಒಂದು ಆಧಾರ ಆಯಿತು.

ಪ್ರತಿ ಭೇಟಿಯಲ್ಲಿ ಒಂದು ಪುಟ್ಟ ಅಯಸ್ಕಾಂತವನ್ನು ಚರ್ಮದ ಮೇಲೆ ಆಡಿಸುತ್ತಾರೆ. ಒಳಗಿನ ಚೀಲದ ಮುಚ್ಚಳ ಎಲ್ಲಿದೆ ಅಲ್ಲಿಗೆ ಅದು ತಿರುಗಿ ನಿಲ್ಲುತ್ತದೆ. ಆ ಜಾಗಕ್ಕೆ ಸೂಜಿ ಚುಚ್ಚಿ ಸಲೈನ್ ತುಂಬುತ್ತಾರೆ. ಸಿರಿಂಜಿನ ಗೆರೆ ನನಗೇ ಕಾಣುತ್ತಿತ್ತು. ಇಲ್ಲಿಯವರೆಗೆ ಒಟ್ಟು ಎಷ್ಟು ಎಂದು ಫೈಲಿನಲ್ಲಿ ಬರೆಯುತ್ತಿದ್ದರು. ಇಷ್ಟು ನಿಖರವಾಗಿ ಸಿಸಿ ಗೊತ್ತಿರುವುದು ನಮ್ಮಂಥವರಿಗೆ ಮಾತ್ರ ಇರಬೇಕು! ತುಂಬಿದ ರಾತ್ರಿ ಎದೆ ಕಲ್ಲಿನಷ್ಟು ಬಿಗಿ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಆ ಮುಚ್ಚಳದಲ್ಲಿ ಅಯಸ್ಕಾಂತ ಇರುವ ಎಕ್ಸ್‌ಪಾಂಡರ್ ಒಳಗಿರುವಾಗ ಸಾಮಾನ್ಯವಾಗಿ ಎಂಆರ್‌ಐ ಮಾಡುವುದಿಲ್ಲ. ಸ್ಕ್ಯಾನ್ ಸೆಂಟರಿನವರು ಕೇಳದಿದ್ದರೂ ನೀವೇ ಹೇಳಿ.

ಸಿಸಿ ಎಷ್ಟೇ ಸರಿಯಿದ್ದರೂ ಎರಡೂ ಕಡೆ ಒಂದೇ ಥರ ಆಗಲಿಲ್ಲ, ಅದೂ ನಿಜ. ಎಡಗಡೆಯದು ಸ್ವಲ್ಪ ಜೋತಿದೆ, ಬಲಗಡೆಯದು ದುಂಡಗೆ ಮೇಲೆ ಕೂತಿದೆ. ಬಟ್ಟೆ ಹಾಕಿದರೆ ಗೊತ್ತಾಗುವುದಿಲ್ಲ. ನನಗೆ ಅಷ್ಟು ಸಾಕು.

ಮ್ಯಾಂಚೆಸ್ಟರ್ ಕನ್ನಡತಿ

ಇಲ್ಲಿ ಇಂಗ್ಲೆಂಡಿನಲ್ಲಿ ಈ ಅಂಕಿಯ ಮೇಲೆ ಆಪರೇಷನ್ನೇ ನಿಂತಿದೆ. ಸರ್ಕಾರಿ ಎನ್‌ಎಚ್‌ಎಸ್ ಖರ್ಚಿನಲ್ಲಿ ರಿಡಕ್ಷನ್ ಆಗಬೇಕಾದರೆ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹೇಳಿರುವುದು: ಒಂದೊಂದು ಕಡೆ 500 ಗ್ರಾಂ ಅಥವಾ ಜಾಸ್ತಿ ತೆಗೆಯುವಂತಿರಬೇಕು, ಇಲ್ಲವೇ ಕನಿಷ್ಠ 4 ಕಪ್ ಸೈಜ್ ಇಳಿಯಬೇಕು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕಿ) 27ಕ್ಕಿಂತ ಕಡಿಮೆ ಇದ್ದು, ಒಂದು ವರ್ಷ ಅಲ್ಲಾಡಿರಬಾರದು. ಸರಿಯಾಗಿ ಅಳೆದ ಬ್ರಾ ಹಾಕಿ ನೋಡಿರಬೇಕು, ಫಿಸಿಯೋಥೆರಪಿಯವರೂ ನೋಡಿರಬೇಕು. ಎಡಬಲ ವ್ಯತ್ಯಾಸಕ್ಕೆ ಬೇರೆ ನಿಯಮ, 150ರಿಂದ 200 ಗ್ರಾಂ ಅಂತರ ಇರಬೇಕು, ಅದನ್ನು ತಜ್ಞರೇ ಅಳೆದಿರಬೇಕು.

ತಮಾಷೆ ಅಂದರೆ ಈ ತಜ್ಞರು ಯಾವ ವಿಧಾನದಲ್ಲಿ ಅಳೆಯಬೇಕು ಎಂಬ ಮಾತೇ ಅದರಲ್ಲಿ ಇಲ್ಲ. ಮೇಲೆ ಸುಬ್ಬಿ ಬರೆದದ್ದು ಓದಿದ ಮೇಲೆ ನನಗೆ ನಗು ಬಂತು. 140 ಬಂದವಳಿಗೆ ಇಲ್ಲ, 150 ಬಂದವಳಿಗೆ ಉಂಟು. ಕ್ಯಾಮೆರಾ ಮುಂದೆ ಉಸಿರು ಎಳೆದರೆ ಹೋಯಿತು.

ಪಿಜಿ ಡಾಕ್ಟರ್

ಅಮೆರಿಕದಲ್ಲೂ ಇದೇ ರಗಳೆ. ಅಲ್ಲಿ ಶ್ನರ್ ಎಂಬ ಸರ್ಜನ್ 1991ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಮೈಯ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಂತೆ ಒಂದೊಂದು ಕಡೆ ಎಷ್ಟು ಗ್ರಾಂ ತೆಗೆದರೆ ಅದು ಆರೋಗ್ಯದ ಕಾರಣಕ್ಕೆ ಎಂದುಕೊಳ್ಳಬಹುದು ಎಂಬ ಪಟ್ಟಿ. ವಿಸ್ತೀರ್ಣ 1.60 ಚದರ ಮೀಟರ್ ಇದ್ದರೆ 310 ಗ್ರಾಂ, 1.70ಕ್ಕೆ 370, 1.80ಕ್ಕೆ 441. ವಿಮಾ ಕಂಪನಿಗಳು ಅದನ್ನೇ ಹಿಡಿದುಕೊಂಡವು.

@ತುಂಗಾತೀರದವಳು, ನಿಮ್ಮದನ್ನೇ ಹಾಕೋಣ. ಮೈಯ ವಿಸ್ತೀರ್ಣಕ್ಕೆ ಎತ್ತರ 156 ಗುಣಿಸು ತೂಕ 62, ಭಾಗಿಸು 3600, ಅದರ ವರ್ಗಮೂಲ. 1.64 ಚದರ ಮೀಟರ್. ಪಟ್ಟಿಯಲ್ಲಿ 1.65ಕ್ಕೆ 338 ಗ್ರಾಂ. ನಿಮ್ಮ ಮೂರನೆಯ ಡಾಕ್ಟರ ಅಂದಾಜು ಎಡಕ್ಕೆ 450, ಬಲಕ್ಕೆ 300. ಎಡಗಡೆ ಪಾಸು, ಬಲಗಡೆ ಫೇಲು! ಎರಡರ ಸರಾಸರಿ ಹಿಡಿದರೆ 375, ಪಾಸು. ಕುತ್ತಿಗೆ ನೋವು ಮಾತ್ರ ಒಂದೇ. ಕಡಿಮೆ ಗ್ರಾಂ ತೆಗೆದವರಿಗೂ ನೋವು ಇಳಿಯುತ್ತದೆ. ಗ್ರಾಂ ನೋಡಿ ರೋಗ ಅಳೆಯುವುದು ನನಗೆ ಒಪ್ಪಿಗೆ ಇಲ್ಲ.

ತುಂಗಾತೀರದವಳು

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ನಮ್ಮಲ್ಲಿ ಇನ್ಶೂರೆನ್ಸ್‌ಗೂ ಇಂಥ ಗ್ರಾಂ ಲೆಕ್ಕ ಇದೆಯಾ?

ಸ್ಕ್ಯಾನ್ ಸುಬ್ಬಿ

ನಮ್ಮಲ್ಲಿ ಐಆರ್‌ಡಿಎಐ (ವಿಮೆ ನಿಯಂತ್ರಣ ಸಂಸ್ಥೆ) ವಿಮೆಯಿಂದ ಹೊರಗಿಡುವ ಖರ್ಚುಗಳ ಒಂದು ಸಮಾನ ಪಟ್ಟಿ ಮಾಡಿದೆ. ಅದರಲ್ಲಿ 8ನೇದು ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ವಿನಾಯಿತಿ ಇದೆ. ಇಲ್ಲವಾದರೆ ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ಇದೆ ಎಂದು ಚಿಕಿತ್ಸೆ ಕೊಡುವ ಡಾಕ್ಟರ್ ಬರೆದುಕೊಡಬೇಕು. ಗ್ರಾಂ ಮಾತು ಅಲ್ಲಿ ಇಲ್ಲ. ಕುತ್ತಿಗೆ ನೋವನ್ನು "ತಕ್ಷಣದ ಅಪಾಯ" ಎಂದು ಒಪ್ಪಿಸುವುದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮುಂಚೆ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಆ 3ಡಿ ಫೈಲ್ ಎಲ್ಲಿ ಇಡುತ್ತಾರೆ, ಯಾರು ನೋಡುತ್ತಾರೆ, ಅಳಿಸುತ್ತಾರಾ ಎಂದು ಕೇಳಿದಿರಾ? ಮುಖ ಇಲ್ಲದಿದ್ದರೂ ಅದು ನಿಮ್ಮ ಮೈ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವುದೂ ಇದೆ, ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವ ಹಕ್ಕೂ ಇದೆ. ಫೋನಿನಲ್ಲಿ ಸೈಜ್ ಹೇಳುವ ಆ್ಯಪ್‌ಗಳಿಗಂತೂ ಫೋಟೋ ಕೊಡಲೇಬೇಡಿ.

ತುಂಗಾತೀರದವಳು

ಮೂರನೆಯ ಡಾಕ್ಟರ ಹತ್ತಿರವೇ ಮತ್ತೆ ಹೋಗಿ ಬಂದೆ. ಈ ಸಲ ಆ ತಿಂಗಳ ಮುಟ್ಟು ಮುಗಿದ ಮೇಲೆ. ಬೆನ್ನು ಬಗ್ಗಿಸಿ ನೋಡಿದರು, ಸೊಟ್ಟ ಇಲ್ಲವಂತೆ. "ಸಿಸಿ ಎಷ್ಟು" ಎಂದು ಕೇಳಿದ್ದಕ್ಕೆ ನಕ್ಕು, "ಎಷ್ಟು ಉಳಿಸಬೇಕು ಎನ್ನುವುದು ನನ್ನ ಯೋಚನೆ, ತೆಗೆದದ್ದು ತಕ್ಕಡಿ ಹೇಳುತ್ತದೆ" ಎಂದರು. ಎಡ ಬಲ 150ರ ಆಸುಪಾಸು ಎಂದೇ ಮತ್ತೆ ಹೇಳಿದರು. ಅವರ ಹತ್ತಿರವೇ ಮಾಡಿಸಿಕೊಳ್ಳುತ್ತೇನೆ. ಹೋಗುವ ಮುಂಚೆ ಬೇರೆ ಏನಾದರೂ ಕೇಳಬೇಕಾ?

ಓಟಿ ಸಿಸ್ಟರ್

ಎರಡು ಕೇಳು. ಎಡ ಎಷ್ಟು ಗ್ರಾಂ, ಬಲ ಎಷ್ಟು ಗ್ರಾಂ ತೆಗೆದರು ಎಂಬುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬೇರೆ ಬೇರೆ ಬರೆಯಲಿ. ಮತ್ತೆ ಎರಡೂ ಕಡೆಯದನ್ನು ಬೇರೆ ಡಬ್ಬಿಗಳಲ್ಲಿ, ಎಡ ಬಲ ಎಂದು ಚೀಟಿ ಅಂಟಿಸಿ ಪೆಥಾಲಜಿಗೆ ಕಳಿಸುತ್ತಾರೆ ತಾನೇ ಎಂದು ಖಚಿತ ಮಾಡಿಕೋ. ಬೆರೆತರೆ, ನಾಳೆ ಅಪ್ಪಿತಪ್ಪಿ ಏನಾದರೂ ಸಿಕ್ಕಿದಾಗ ಯಾವ ಕಡೆಯದು ಎಂದು ಹೇಳಲು ಆಗುವುದಿಲ್ಲ. ಆಪರೇಷನ್ ಬೆಳಿಗ್ಗೆ ಮಾರ್ಕಿಂಗ್ ಆದ ಮೇಲೆ ಗೆರೆ ಅಳಿಸದ ಹಾಗೆ ನೋಡಿಕೋ, ಬೆವರು ಒರೆಸಲು ಹೋಗಬೇಡ. ಮುಂದೆ ಹುಕ್ ಇರುವ ಬ್ರಾ ಒಂದು ತೆಗೆದುಕೊಂಡು ಹೋಗು. ಹೊಸ ಸೈಜಿನ ಬ್ರಾಗಳನ್ನು ಈಗಲೇ ಕೊಂಡು ಇಡಬೇಡ, ಊತ ಇಳಿಯಲು ತಿಂಗಳುಗಳೇ ಬೇಕು.